ಕಾವಲುಗಾರನನ್ನೇ ತಡೆದ ಫೈರ್‌ವಾಲ್

...ಶುಕ್ರವಾರವೇ ಇರಬೇಕು. ಅಥವಾ ಶನಿವಾರವೇ? ನಮ್ಮ ಬಿಲ್ಡಿಂಗಿನ ವಾಚ್‌ಮನ್ ಮಲ್ಲಪ್ಪ ಮನೆಗೆ ಬಂದದ್ದು ಯಾವ ದಿನ? ಶನಿವಾರ ಎನ್ನುತ್ತದೆ ನೆನಪು. ಶನಿವಾರವಾದರೆ ನನಗೆ ಅನುಕೂಲ. ಅದಕ್ಕೇ ಅನುಮಾನ.

ಶುರುವಾದದ್ದು ಮಾತ್ರ ಬುಧವಾರ. ಉಲ್ಹಾಸನಗರದಿಂದ ಹಳೇ ಕಂಪ್ಯೂಟರೊಂದನ್ನು ಲೋಕಲ್ ಟ್ರೈನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಡೊಂಬಿವಲಿಗೆ ತಂದೆ. ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿದೆ. ಒಂದು ಕಡೆ ಹೊರಗಿನ ಇಂಟರ್ನೆಟ್ ತಂತಿ, ಇನ್ನೊಂದು ಕಡೆ ಮನೆಯ ವೈಫೈ. ನಡುವೆ ಫೈರ್‌ವಾಲ್. ನಿಯಮ ಒಂದೇ: ಪಟ್ಟಿಯಲ್ಲಿ ಇಲ್ಲದವರಿಗೆ ಪ್ರವೇಶವಿಲ್ಲ. (ಕದಿಯಲು ನಮ್ಮಲ್ಲಿ ಏನಿದೆ? ಹೆಂಡತಿಯ ಅಡುಗೆ ವಿಡಿಯೊಗಳು, ನನ್ನ ಅಂಕಣಗಳು. ಎರಡನೆಯದನ್ನು ಈವರೆಗೆ ಯಾರೂ ಕದ್ದಿಲ್ಲ.)

ಪರದೆ ನೋಡಿ ಬೆಚ್ಚಿದೆ. ಮನೆಯಲ್ಲಿ ಇಬ್ಬರು, ವೈಫೈಯಲ್ಲಿ ಹದಿನಾಲ್ಕು ಫೋನು!

"ಪಾಸ್‌ವರ್ಡ್ ಯಾರಿಗೆಲ್ಲ ಕೊಟ್ಟಿದ್ದೀ?"

"ಕೇಳಿದವರಿಗೆಲ್ಲ" ಎಂದಳು ಉಡುಪಿಯವಳಾದ ನನ್ನ ಹೆಂಡತಿ ಶೈಲಾ. "ಹೆಪ್ಪಿಗೆ ಮೊಸರು ಕೇಳಿದ್ರೆ ಇಲ್ಲ ಹೇಳ್ಲಿಕ್ಕೆ ಆಗ್ತದಾ ಮಾರಾಯ್ರೆ? ಒಂದು ಚಮಚ ಕೊಟ್ರೆ ನಮ್ಮದೆಂತ ಖಾಲಿ ಆಗ್ತದಾ?"

ಸೆಕ್ಯುರಿಟಿಯ ಗಂಧಗಾಳಿ ಇಲ್ಲದವಳು ಎಂದುಕೊಂಡೆ. ನಮ್ಮ ಎರಡು ಬಿಟ್ಟು ಹನ್ನೆರಡನ್ನೂ ಬ್ಲಾಕ್ ಮಾಡಿದೆ. ಮುಂಬಾಗಿಲು? ಅದು ಎಂದಿನಂತೆ ದಿನವಿಡೀ ತೆರೆದೇ ಇತ್ತು.

ಆ ತೆರೆದ ಬಾಗಿಲಿನಲ್ಲಿ ಮಲ್ಲಪ್ಪ ಬಂದು ನಿಂತ. ಕಲಬುರಗಿಯವನು, ಆರು ವರ್ಷದಿಂದ ನಮ್ಮ ಗೇಟಿನಲ್ಲಿದ್ದವನು.

"ಸಾಹೇಬ್ರ, ನಿಮ್ಮ ನೆಟ್ ಕೆಟ್ಟದೇನ್ರಿ? ನನ್ನ ಹಾಜರಿ ಬೀಳವಲ್ದು."

"ಯಾವ ಹಾಜರಿ?"

"ಏಜೆನ್ಸಿಯವ್ರ ಆ್ಯಪ್ ಅದರೀ. ಮುಂಜಾನಿ ಎಂಟಕ್ಕ ಫೋಟೊ ಹಾಕಬೇಕು. ಗೇಟಿನ್ಯಾಗ ಸಿಗ್ನಲ್ ಬರಂಗಿಲ್ಲ, ಅದಕ್ಕ ಅಕ್ಕಾರು ವೈಫೈ ಕೊಟ್ಟಿದ್ರು. ಮೂರು ದಿನ ಗೈರಾದ್ರ ಕೆಲಸದಿಂದ ತೆಗೀತಾರ್ರೀ."

ಗೇಟಿನಲ್ಲಿ ನಿಂತೇ ಗೈರುಹಾಜರಿ! ಕಳ್ಳರಿಗೆಂದು ಕಟ್ಟಿದ ಗೋಡೆ ಮೊದಲು ತಡೆದದ್ದು ಕಾವಲುಗಾರನನ್ನು. ನಾನೇನು ಮಾಡಿದೆ? "ನಾಳೆ ನೋಡೋಣ" ಎಂದೆ. ಸೀವುಡ್ಸ್‌ನ ಗೆಳೆಯನಿಗೆ ಫೋನಿನಲ್ಲಿ ಫೈರ್‌ವಾಲಿನ ಮಹಿಮೆ ಹೇಳುತ್ತಿದ್ದೆ. ಅರ್ಧದಲ್ಲಿ ಬಿಡುವುದು ಹೇಗೆ?

ಭಾನುವಾರ ಹನ್ನೆರಡಕ್ಕೂ ದಾರಿ ಬಿಟ್ಟೆ. ಅರ್ಧ ನಿಮಿಷದ ಕೆಲಸ.

ಸೋಮವಾರ ಗೇಟಿನಲ್ಲಿ ಹೊಸ ಮುಖ. "ಮಲ್ಲಪ್ಪ ಕಿಧರ್ ಹೈ?" ಎಂದೆ.

"ಕೌನ್ ಮಲ್ಲಪ್ಪ, ಸಾಬ್?"

ಗುರುವಾರ, ಶುಕ್ರವಾರ, ಶನಿವಾರ: ಮೂರು ಗೈರು. ಅವನು ಬಂದದ್ದು ಶನಿವಾರವಾದರೆ ಮೂರನೆಯದು ಆಗಲೇ ಬಿದ್ದಿತ್ತು. ಶುಕ್ರವಾರವಾದರೆ? ಅವನ ಕೆಲಸ ತೆಗೆದದ್ದು ಏಜೆನ್ಸಿಯಲ್ಲ, ನನ್ನ "ನಾಳೆ".

"ಶುಕ್ರವಾರವೇ" ಎನ್ನುತ್ತಾಳೆ ಶೈಲಾ. ಅವಳಿಗೆ ನನ್ನ ಮೇಲೆ ಕೋಪ. ಕೋಪದ ನೆನಪನ್ನಾದರೂ ನಂಬಬಹುದೇ? ಫೈರ್‌ವಾಲಿನ ಲಾಗ್ ನೋಡಿದೆ. ಯಾವ ಫೋನು ಎಷ್ಟು ಗಂಟೆಗೆ ತಟ್ಟಿತು, ಎಲ್ಲ ಇದೆ. ತೆರೆದ ಬಾಗಿಲಿನಲ್ಲಿ ಬಂದು ನಿಂತ ಮನುಷ್ಯನ ದಾಖಲೆ ಇಲ್ಲ.

ಹನ್ನೊಂದು ಫೋನುಗಳು ಮರಳಿ ಬಂದವು. ಹನ್ನೆರಡನೆಯದಕ್ಕೆ ಈಗಲೂ ನಮ್ಮ ಮನೆಯಲ್ಲಿ ಪೂರ್ಣ ಪ್ರವೇಶವಿದೆ. ಅದನ್ನು ಹಿಡಿದಿದ್ದವನು ಎಲ್ಲಿದ್ದಾನೆ, ನನಗೆ ಗೊತ್ತಿಲ್ಲ.