ನನ್ನ ಬಲಗೈಯ ಭಾರ

ಎಲುಬು ಲಟಕ್ಕನೆ ಮುರಿಯಬಹುದಿತ್ತು. ಭುಜ ಗೂಡಿನಿಂದ ಕಳಚಿ ಬರಬಹುದಿತ್ತು. ನಾನು ನೋವಿಗೆ ಚೀರಿ, ಹೊರಗೆ ಸರದಿ ಕಾಯುತ್ತಿದ್ದವರೆಲ್ಲ ಎದ್ದು ಮನೆಗೆ ಹೋಗಬಹುದಿತ್ತು. ಕಂಕುಳ ಹತ್ತಿರ ಕೈ ತಾಗಿದರೆ ಕಚಗುಳಿಯಾಗಬಹುದಿತ್ತು. ಐವತ್ತೆರಡರ ಗಂಡಸು ಗುರುತಿಲ್ಲದ ಹೆಂಗಸಿನೆದುರು ಕಿಸಕಿಸ ನಗುವುದೆಂದರೇನು? ಅಂಗಿ ಬಿಚ್ಚಿದರೆ ಬನಿಯನ್ನಿನ ತೂತು ಕಾಣಬಹುದಿತ್ತು. ಗಡಿಬಿಡಿಯಲ್ಲಿ ಸಾಂತಾಕ್ರೂಜ್‌ನಲ್ಲಿ ನಿಲ್ಲದ ಫಾಸ್ಟ್ ಲೋಕಲ್ ರೈಲು ಹತ್ತಿಬಿಡಬಹುದಿತ್ತು. ಇವೆಲ್ಲಕ್ಕಿಂತ ಕೆಟ್ಟದ್ದೆಂದರೆ, ಏನೂ ಆಗದೆಯೇ ಇರಬಹುದಿತ್ತು.

ನಿಜವಾದ ಭಯ ಅದೇ. ಎರಡು ವರ್ಷದಿಂದ ನನ್ನ ಬಲಭುಜ ನೋಯುತ್ತಿತ್ತು, ಕೈ ಎದೆಯ ಮಟ್ಟ ದಾಟುತ್ತಿರಲಿಲ್ಲ. ಗುಳಿಗೆ, ಇಂಜೆಕ್ಷನ್ ಎಲ್ಲ ಆಗಿತ್ತು. ಧಾರವಾಡದಿಂದ ತಂಗಿ ಕಳಿಸಿದ ಎಣ್ಣೆಯ ವಾಸನೆ ದಿಂಬಿಗೂ ಹತ್ತಿತ್ತು. ದಹಿಸರ್‌ನಿಂದ ದಾದರ್‌ನ ಆಫೀಸಿಗೆ ದಿನವೂ ನಿಂತೇ ಹೋಗುವವನು ನಾನು. ಹಿಡಿಕೆಗೆ ಜೋತು ಬಿದ್ದು ಬಿದ್ದು ಎಡಗೈಯೂ ಸೋಲತೊಡಗಿದಾಗ, ಸುತ್ತಲಿನ ಜನರ ಒತ್ತಡವನ್ನೇ ನಂಬಿ ನಿಲ್ಲುತ್ತಿದ್ದೆ. ಒಂದು ದಿನ ಅಂಧೇರಿಯಲ್ಲಿ ಜನ ಇಳಿದರು, ನಾನು ಬಿದ್ದೆ. ಅಂದಿನಿಂದ ಮನೆಯಲ್ಲಿ ಕೆಲಸ ಬಿಡುವ ಮಾತು ಶುರುವಾಯಿತು. ಮಗಳ ಓದು ಇನ್ನೂ ಮುಗಿದಿರಲಿಲ್ಲ.

ಹೆಂಡತಿಗೆ ಯಾರೋ ಈ ಫಿಜಿಯೋಥೆರಪಿಸ್ಟ್ ಬಗ್ಗೆ ಹೇಳಿದ್ದರು. ವಿಜಯಪುರದ ಕಡೆಯ ಮುಸ್ಲಿಂ ಹೆಣ್ಣುಮಗಳು, ಸಾಂತಾಕ್ರೂಜ್‌ನ ಹಳೆಯ ಬಿಲ್ಡಿಂಗೊಂದರಲ್ಲಿ ಅವರ ಚಿಕಿತ್ಸೆಯ ಖೋಲಿ. ಎಳೆಯುವುದಿಲ್ಲ, ತಿರುಚುವುದಿಲ್ಲ, ಮೆತ್ತಗೆ ಹಿಡಿದುಕೊಳ್ಳುತ್ತಾರೆ ಅಷ್ಟೆ ಎಂದು ಕೇಳಿ ನನಗೆ ಹೊಸ ಚಿಂತೆ ಹತ್ತಿತು. ಹಿಡಿದುಕೊಂಡರೆ ಸಾಕೆಂದಿದ್ದರೆ ಇಷ್ಟು ದೂರ ಯಾಕೆ ಹೋಗಬೇಕು?

ಹೋದ ದಿನ ಅವರು ಮೊದಲು ಊರು, ಮನೆ, ಊಟ ವಿಚಾರಿಸಿದರು. ನೋವಿನ ಮಾತು ಆಮೇಲೆ. ಮಲಗಿಸಿ, ಒಂದು ಅಂಗೈ ಭುಜದ ಕೆಳಗೆ, ಇನ್ನೊಂದು ಮೊಣಕೈ ಕೆಳಗೆ ಇಟ್ಟು, ಕೈಯನ್ನು ನಾಲ್ಕು ಬೆರಳಿನಷ್ಟು ಮೇಲೆತ್ತಿ ಸುಮ್ಮನೆ ನಿಂತರು. ಬೆಚ್ಚಗಿನ ಕೈ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು.

“ಅಣ್ಣಾರ, ಈ ಕೈ ಯಾರು ಹಿಡದಾರ?”

“ನೀವ ಹಿಡದೀರಲ್ರಿ.”

“ನಾ ಆಗಳೇ ಬಿಟ್ಟೀನ್ರಿ.”

ನೋಡಿದರೆ ನನ್ನ ಕೈ ರೈಲ್ವೆ ಗೇಟಿನ ಕಂಬದಂತೆ ಗಾಳಿಯಲ್ಲಿ ನಿಂತಿತ್ತು. ಅವರಿಗೆ ಭಾರವಾದೀತೆಂದು ನಾನೇ ಎತ್ತಿಕೊಂಡಿದ್ದೆ. ನೋವಾದೀತೆಂಬ ಹೆದರಿಕೆಯಲ್ಲಿ ಭುಜ ಹಗಲೂ ರಾತ್ರಿ ಬಿಗಿದುಕೊಂಡಿದೆ, ದಣಿವು ಅದರದೇ ಎಂದು ತಿಳಿಸಿ ಹೇಳಿದರು. ನೋವು ಪೂರಾ ಹೋಗುತ್ತದೆಂದು ಮಾತು ಕೊಡಲಿಲ್ಲ. ಮನೆಗೆ ಬಂದು ಇದನ್ನು ಹೇಳಿದರೆ ಹೆಂಡತಿ ಚಪಾತಿ ಲಟ್ಟಿಸುತ್ತಲೇ ಅಂದಳು: “ಇಪ್ಪತ್ತಾರು ವರ್ಷದಾಗ ಗ್ಯಾಸ್ ಬಂದ್ ಮಾಡೂದು ಸುದ್ದಾ ನನಗ ಬಿಟ್ಟುಕೊಟ್ಟಿಲ್ಲ. ಆಕಿಗೆ ಕೈ ಬಿಟ್ಟುಕೊಡ್ತೀರೇನು ನೀವು?”

ಈಗ ಬಲಗೈಯಿಂದಲೇ ಹಿಡಿಕೆ ಹಿಡಿದು ಅಂಧೇರಿಯವರೆಗೆ ನಿಲ್ಲುತ್ತೇನೆ, ಅಲ್ಲಿಂದ ಮುಂದೆ ಎಡಗೈ. ಕೆಲಸ ಬಿಟ್ಟಿಲ್ಲ, ನೋವೂ ನನ್ನನ್ನು ಪೂರ್ತಿ ಬಿಟ್ಟಿಲ್ಲ. ವಾರಕ್ಕೊಮ್ಮೆ ಸಾಂತಾಕ್ರೂಜ್‌ನಲ್ಲಿ ಅವರ ಕೈ, ದಿನಾ ಮನೆಯಲ್ಲಿ ಅವರು ಹೇಳಿಕೊಟ್ಟಂತೆ ಗೋಡೆಯ ಮೇಲೆ ಬೆರಳುಗಳ ನಡಿಗೆ. ಆದರೆ ಇದೆಲ್ಲ ಶುರುವಾದದ್ದು ನಾಲ್ಕನೆಯ ಸಲ ಹೋದಾಗ. ಮೊದಲ ಮೂರು ಸಲವೂ “ನೀವ ಎತ್ತಬ್ಯಾಡ್ರಿ” ಅನ್ನಿಸಿಕೊಂಡು ಬಂದಿದ್ದೆ. ಅವತ್ತು ಹತ್ತಿರದ ವಿಮಾನ ನಿಲ್ದಾಣದಿಂದ ಮೇಲೆ ಹಾರುವ ವಿಮಾನಗಳ ಸದ್ದು ಎಣಿಸುತ್ತ ಮಲಗಿದ್ದೆ. ಐದೋ ಆರೋ ಆದ ಮೇಲೆ ಎಣಿಕೆ ತಪ್ಪಿತು. ತಪ್ಪಿದ್ದೂ ಗೊತ್ತಾಗಲಿಲ್ಲ. ಅವರು ನನ್ನ ಕೈಯನ್ನು ಮೆಲ್ಲಗೆ ಮಗ್ಗುಲಲ್ಲಿ ಇಳಿಸಿ ತಮ್ಮ ಅಂಗೈ ತೆಗೆದುಕೊಂಡರು. ಈ ಸಲ ಅದು ಗಾಳಿಯಲ್ಲಿ ನಿಲ್ಲಲಿಲ್ಲ. ಯಾರದೋ ಕೈಯೆಂಬಂತೆ ಕಿರಿದಾದ ಬೆಂಚಿನ ಅಂಚಿನಿಂದ ಜಾರಿ, ಪಕ್ಕದ ಸ್ಟೂಲಿನ ಮೇಲೆ ಅವರು ಇಟ್ಟುಕೊಂಡಿದ್ದ ಚಹಾದ ಗ್ಲಾಸಿಗೆ ಬಡಿಯಿತು.

ನಾನು ಗಾಬರಿಯಾಗಿ ಎದ್ದು ಕೂತು ತಪ್ಪಾಯಿತೆಂದು ನಾಲ್ಕು ಸಲ ಹೇಳಿದೆ.

“ಚಹಾ ಹೋದ್ರ ಹೋಗ್ಲಿ ಬಿಡ್ರಿ, ಅಣ್ಣಾರ. ಕೈ ಬಿತ್ತಲ್ಲ,” ಅಂದರು.

ಅವರ ಬಿಳಿ ಕ್ಯಾನ್ವಾಸ್ ಬೂಟಿನ ಮೇಲೆ ಚೆಲ್ಲಿದ ಚಹಾದ ಕಲೆ ಮಾತ್ರ ಇನ್ನೂ ಹೋಗಿಲ್ಲ.