ಮೈಲಾರಲಿಂಗನ ಟಗರು

ಸರಿತಾ ಭಾಲ್ಕಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಜೀವವಿಕಾಸದ ಪಾಠ ಮಾಡುವಾಗ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಮೆಹಕರದ ತವರಿಗೆ ಬಂದರೆ ಆ ಮಾತೇ ಎತ್ತುತ್ತಿರಲಿಲ್ಲ. ಕುರಿಗಳನ್ನು ಮೈಲಾರಲಿಂಗನೇ ಮಾಡಿದನೆಂದು ನಂಬಿದ ಅಪ್ಪ ಮಡೆಪ್ಪನ ಮನಸ್ಸು ನೋಯಿಸುವುದು ಬೇಡವಾಗಿತ್ತು. ತಾನೂ ಆ ದೇವರಿಗೆ ಕೈಮುಗಿಯುವವಳೇ. ಮನಸ್ಸಿನೊಳಗೆ ಎರಡು ಕೋಣೆ ಮಾಡಿಕೊಂಡು, ನಡುವಿನ ಬಾಗಿಲಿಗೆ ಅಗಳಿ ಹಾಕಿದ್ದಳು.

ಅವಳು ಊರಿಗೆ ಬಂದಿದ್ದ ಒಂದು ಭಾನುವಾರ ಮಡೆಪ್ಪ ದೇವರ ಹೆಸರಿಗೆ ಟಗರು ಬಿಡುವವನಿದ್ದ. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಸಾಯುವ ತನಕ ಅದು ಹಿಂಡಿನಲ್ಲೇ ಇರುತ್ತದೆ. ಮರಿಗಳ ಕಾಲು ಸವರಿ, ಎದೆ ತಟ್ಟಿ, ಎಲ್ಲಕ್ಕಿಂತ ಎತ್ತರದ್ದನ್ನು ಆರಿಸಿ ಹಣೆಗೆ ಅರಿಶಿನದ ಭಂಡಾರ ಹಚ್ಚಿದ.

“ಇದೇ ಯಾಕಪ್ಪಾ?”

“ದೇವರಿಗೆ ಚಲೋದೇ ಕೊಡಬೇಕಲ್ಲವ್ವಾ. ನಮ್ಮಜ್ಜನ ಕಾಲದಾಗ ಕುರಿ ಇಷ್ಟೇ ಇದ್ದುವು,” ಎಂದು ಮೊಣಕಾಲು ಮುಟ್ಟಿ ತೋರಿಸಿದ.

ಸರಿತಾ ಹಿಂಡನ್ನು ನೋಡಿದಳು. ಈಗಿನವು ಅಪ್ಪನ ಸೊಂಟದ ಹತ್ತಿರ ಬರುತ್ತಿದ್ದವು. ತಲೆಮಾರುಗಳಿಂದ ಎತ್ತರದ ಟಗರೇ ದೇವರದಾಗಿ ಉಳಿದು, ಹಿಂಡೆಲ್ಲ ಅದರ ಸಂತಾನವಾಗಿತ್ತು. ತಡೆಯಲಾಗದೆ ಒಂದೇ ಉಸಿರಿಗೆ ಪಾಠವನ್ನೆಲ್ಲ ಹೇಳಿಬಿಟ್ಟಳು: ಬರ, ಚಳಿ, ತೋಳ ಕೂಡ ಹೀಗೇ ಆರಿಸುತ್ತವೆ, ಜೀವಿಗಳೆಲ್ಲ ಹೀಗೇ ಬದಲಾಗುತ್ತ ಬಂದಿವೆ.

ಹೇಳಿದ ಮೇಲೆ ಹೆದರಿದಳು. ಮಡೆಪ್ಪ ಭಂಡಾರದ ಕೈ ಒರೆಸಿಕೊಳ್ಳುತ್ತ ಯೋಚಿಸಿದ.

“ಹಂಗಂದ್ರ ಮೈಲಾರಲಿಂಗ ಕುರಿ ಮಾಡೋದು ಇನ್ನಾ ಮುಗಿಸಿಲ್ಲ ಅನ್ನು,” ಎಂದ. “ನಾ ಇಷ್ಟು ದಿನ, ಕೆಲಸ ಮುಗಿಸಿ ಗುಡ್ಯಾಗ ಕುಂತಾನ ಅಂತ ತಿಳಿದಿದ್ನಿ.”