ಕೊಟ್ರಪ್ಪನವರು ಕೊಳ್ಳದ ಯಂತ್ರ

ಮೊನ್ನೆ ಹೆಂಡತಿ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟು ನಡುಮನೆಗೂ ಬಂದು ನಾನು ಸಾಲಾಗಿ ಐದಾರು ಸಲ ಸೀನಿದೆ. ಸೀನುತ್ತಲೇ ಕೊಟ್ಟೂರಿನ ಕೊಟ್ರಪ್ಪನವರ ಕಿರಾಣಿ ಅಂಗಡಿ ನೆನಪಾಯಿತು. ನೀವು ನಗಬಹುದು, ಆದರೆ ನನ್ನ ಮಾರಾಟದ ಮೊಟ್ಟಮೊದಲ ಭಾಷಣ ಅಲ್ಲಿಯ ಮೆಣಸಿನಕಾಯಿ ಚೀಲಗಳ ನಡುವೆ ಇಂಥದೇ ಸೀನಿನಲ್ಲಿ ಮುಗಿದಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ಹರಪನಹಳ್ಳಿಯವನಾದ ನಾನು ಎಲೆಕ್ಟ್ರಾನಿಕ್ ತಕ್ಕಡಿ ಮಾರುವ ಕಂಪನಿಯೊಂದನ್ನು ಸೇರಿದ್ದೆ. ಮೂರು ತಿಂಗಳಲ್ಲಿ ಮೂರು ಯಂತ್ರ ಮಾರಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಟೈ ಕಟ್ಟಿಕೊಂಡು, ತೊಡೆಯ ಮೇಲೆ ಯಂತ್ರದ ಪೆಟ್ಟಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿರುತ್ತಿದ್ದ ನನ್ನನ್ನು ಕಂಡಕ್ಟರು ಡಾಕ್ಟರೆಂದು ತಿಳಿದು ಮಂಡಿನೋವಿಗೆ ಮಾತ್ರೆ ಕೇಳಿದ್ದುಂಟು.

ಗಿರಾಕಿಯ ಬೆನ್ನು ಬಿಡಬಾರದು ಎಂದು ಮ್ಯಾನೇಜರು ಹೇಳಿಕೊಟ್ಟಿದ್ದರು. ನಾನು ಕೊಟ್ರಪ್ಪನವರ ಬೆನ್ನು ಹಿಡಿದೆ. ಕಾರಣ ಇಷ್ಟೇ: ಉಳಿದವರು ನನ್ನನ್ನು ನಿಂತಲ್ಲಿಂದಲೇ ಸಾಗಹಾಕಿದ್ದರು, ಇವರು ಕೂರಲು ಸ್ಟೂಲು ಕೊಟ್ಟಿದ್ದರು.

ಪ್ರತಿ ಮಂಗಳವಾರ ಹೋಗುತ್ತಿದ್ದೆ. ಅವರು ಚಹಾ ತರಿಸಿ, ಯಂತ್ರದ ಗುಣಗಾನವನ್ನು ಮೊದಲ ಸಲವೆಂಬಂತೆ ಕೇಳಿ, ಮುಂದಿನ ವಾರ ನೋಡೋಣ ಎನ್ನುತ್ತಿದ್ದರು. ಕರೆಂಟು ಹೋದರೆ ಹೇಗೆ ಎಂದರು. ಮುಂದಿನ ವಾರ ಬ್ಯಾಟರಿ ತೋರಿಸಿದೆ. ಇಲಿ ವೈರು ಕಡಿದರೆ ಎಂದರು. ಅದಕ್ಕೂ ಉತ್ತರ ಬರೆದುಕೊಂಡು ಹೋದೆ. ಎಂಟನೆಯ ವಾರದ ಹೊತ್ತಿಗೆ ಅವರ ಗಿರಾಕಿಗಳಿಗೆ ಬೆಲ್ಲದ ಧಾರಣೆ ಹೇಳುವಷ್ಟು ನಾನು ಅಲ್ಲಿ ಪಳಗಿದ್ದೆ. ಮಾರಿದ ಯಂತ್ರ ಮಾತ್ರ ಒಂದೂ ಇಲ್ಲ.

ಒಂಬತ್ತನೆಯ ವಾರ ಟೈಫಾಯಿಡ್ ಬಂತು. ಎರಡು ಮಂಗಳವಾರ ತಪ್ಪಿದವು. ಕೆಲಸ ಹೋದಂತೆಯೇ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಬಾಗಿಲಲ್ಲಿ ಯಾರೋ ಅವ್ವನ ಬಳಿ ನನ್ನ ಹೆಸರು ಹೇಳಿ ವಿಚಾರಿಸುವುದು ಕೇಳಿಸಿತು. ಕೊಟ್ರಪ್ಪನವರು. ವಿಸಿಟಿಂಗ್ ಕಾರ್ಡಿನ ಹಿಂದೆ ನಾನು ಗೀಚಿಕೊಟ್ಟಿದ್ದ ವಿಳಾಸ ಹಿಡಿದು, ಅಂಗಡಿ ಮುಚ್ಚಿ, ಬಸ್ಸು ಹತ್ತಿ ಬಂದಿದ್ದರು.

"ಎರಡ್ ವಾರ ಬರ್ಲಿಲ್ಲ. ಏನಾಗೈತೋ ನೋಡ್ಕೊಂಡ್ ಹೋಗಾನ ಅಂತ ಬಂದೆ," ಎಂದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಜ್ವರದಲ್ಲೂ ನಾನು ಕೇಳಿದ್ದು ಯಂತ್ರದ ವಿಷಯವನ್ನೇ.

"ನನಗ ಬ್ಯಾಡ ತಮ್ಮಾ. ನಮ್ಮ ಸಾಲಿನಾಗ ಮೂರ್ ಅಂಗಡಿಯವ್ರು ತಗೊಂತಾರ, ಮಾತಾಡೀನಿ. ತಗೊಳ್ದವನ ಹತ್ರನ ಇಷ್ಟ್ ಸಲ ಬಂದಾನ, ಮಿಷನ್ ಕೆಟ್ರ ಬರದ ಇರ್ತಾನೇನು ಅಂತ ಹೇಳೀನಿ."

ಅವ್ವ ಅವರನ್ನು ಉಣ್ಣದೆ ಕಳಿಸಲಿಲ್ಲ.

ಹೀಗೆ ಕೆಲಸ ಉಳಿಯಿತು. ಮೂರೂ ಯಂತ್ರಗಳನ್ನು ಕೂರಿಸಿದ ದಿನ, ನಿಮಗೇಕೆ ಬೇಡ ಎಂದು ಕೇಳಿದೆ. ತಗೊಂಡರೆ ನೀನು ಬರುವುದು ನಿಲ್ಲಿಸುತ್ತೀಯಲ್ಲ ಎಂದರು. ಛೇ, ಹಾಗೆಲ್ಲಾದರೂ ಉಂಟೇ ಎಂದು ನಾನು ನಕ್ಕೆ. ವರ್ಷ ತುಂಬುವುದರೊಳಗೆ ದಾವಣಗೆರೆಗೆ ವರ್ಗವಾಯಿತು, ಆಮೇಲೆ ಬಡ್ತಿಯಾಯಿತು. ಬೆನ್ನು ಬಿಡಬಾರದೆಂದು ಹೊಸಬರಿಗೆ ನಾನೇ ಪಾಠ ಹೇಳತೊಡಗಿದೆ. ಕೊಟ್ಟೂರಿಗೆ ಮಾತ್ರ ಹೋಗಲೇ ಇಲ್ಲ.

ಮೊನ್ನೆ ಸೀನಿದವನು ಮರುದಿನವೇ ಹೊರಟೆ. ಗಲ್ಲಾಪೆಟ್ಟಿಗೆಯ ಮುಂದೆ ಅವರ ಮಗಳು, ಪಕ್ಕದ ಕುರ್ಚಿಯಲ್ಲಿ ದಪ್ಪ ಕನ್ನಡಕದ ಕೊಟ್ರಪ್ಪನವರು, ನಡುವೆ ಬೇರೆ ಕಂಪನಿಯ ಎಲೆಕ್ಟ್ರಾನಿಕ್ ತಕ್ಕಡಿ. ಅವರು ನನ್ನ ಗುರುತು ಹಿಡಿದರು. ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂಬುದನ್ನೂ ಹಿಡಿದರು.

"ನೀ ಬರೋದು ಬಿಟ್ಟಿ. ಇನ್ನೊಬ್ಬ ಬರಾಕ ಹತ್ತಿದ. ಅವಂಗೂ ಬ್ಯಾಡ ಅಂತನ ಅಂದಿದ್ದೆ. ನಾಕ್ ವರ್ಷ ಬಂದ ನೋಡು."

ದನಿಯಲ್ಲಿ ಸಿಟ್ಟಿರಲಿಲ್ಲ. ಯಂತ್ರ ಕೊಂಡ ಮೇಲೂ ಅವನು ಬರುತ್ತಾನಂತೆ. ಬರೀ ಮಾತಾಡಿ, ಚಹಾ ಕುಡಿದು ಹೋಗುತ್ತಾನಂತೆ. ನಾನು ಅಷ್ಟು ವರ್ಷ ಹೇಳಿಕೊಟ್ಟ ಪಾಠದಲ್ಲಿ ಇದು ಎಲ್ಲಿಯೂ ಇರಲಿಲ್ಲ.

ಇಂದು ಬೆಳಿಗ್ಗೆ ಆಫೀಸಿನಲ್ಲಿ ಹಳೆಯ ಗಿರಾಕಿಗಳ ಪಟ್ಟಿ ತೆಗೆದು, ಮೊದಲು ಕಂಡ ಹೂವಿನಹಡಗಲಿಯ ವ್ಯಾಪಾರಿಯೊಬ್ಬರಿಗೆ ಫೋನು ಮಾಡಿದೆ. ಹೊಸ ಮಾಡೆಲ್ ಏನಾದರೂ ಬಂತೇ ಎಂದು ಅವರೇ ಕೇಳಿದರು.

"ಏನಿಲ್ರಿ. ಆರಾಮ ಅದೀರೇನು ಅಂತ ಕೇಳಾಕ ಮಾಡ್ದೆ," ಎಂದೆ.